ಅದು ಖರೇ ಡಾಕ್ಟರ್ ಹೌದೇನ?

ನಮ್ಮ ಅಕ್ಕನ ಮಗಳು ನ್ಯೂಜರ್ಸಿಯೊಳಗ ಡಿಪಿಟಿಗೆ ಸೇರಿದಾಗಿಂದ ನಮ್ಮ ಮಂದಿ ಕೇಳೋದು ಎರಡ ಪ್ರಶ್ನೆ. ಒಂದು, "ಅದು ಖರೇ ಡಾಕ್ಟರ್ ಹೌದೇನ?" ಇನ್ನೊಂದು, "ಇನ್ನೂ ಮೂರು ವರ್ಷ ಅಂದ್ರ ಮದುವಿ ಯಾವಾಗ?" ಎರಡನೇದು ಅಕಿ ಅವ್ವನ್ನ ಕೇಳ್ರಿ. ಮೊದಲನೇದಕ್ಕ ನಾ ಹೇಳ್ತೀನಿ.

ಡಿಪಿಟಿ ಅಂದ್ರ ಡಾಕ್ಟರ್ ಆಫ್ ಫಿಸಿಕಲ್ ಥೆರಪಿ. ನಾವು ಫಿಸಿಯೋಥೆರಪಿ ಅಂತೀವಲ್ಲ, ಅದ. ನಮ್ಮ ಕಡೆ ಪಿಯುಸಿ ಸೈನ್ಸ್ ಮುಗಿಸಿ ಸೀದಾ ಬಿಪಿಟಿಗೆ ಹೋಗ್ತಾರ. ಅಲ್ಲೆ ಮೊದಲ ನಾಲ್ಕು ವರ್ಷದ್ದೊಂದು ಡಿಗ್ರಿ ಆಗಬೇಕು, ಅದರಾಗ ಅನಾಟಮಿ, ಫಿಸಿಕ್ಸು, ಕೆಮಿಸ್ಟ್ರಿ, ಸ್ಟ್ಯಾಟಿಸ್ಟಿಕ್ಸು, ಸೈಕಾಲಜಿ ಎಲ್ಲಾ ಛಲೋ ಮಾರ್ಕ್ಸ್ ತಗೊಂಡಿರಬೇಕು. ಆಮ್ಯಾಲ ಇದು ಮೂರು ವರ್ಷ. ಆಪರೇಶನ್ ಮಾಡೋ ಡಾಕ್ಟರ್ ಅಲ್ಲ, ಖರೆ. ಆದ್ರ ಮೊಣಕಾಲು ಬದಲಾಯಿಸಿದ ಮ್ಯಾಲ ನಿಮ್ಮನ್ನ ಬಚ್ಚಲಮನಿ ತನಕಾ ನಡಿಸೋರು ಇವರ. ಆಪರೇಶನ್ನಿಗೆ ಲಕ್ಷಗಟ್ಟಲೆ ಕೊಟ್ಟು ಫಿಸಿಯೋದಾಕಿನ್ನ ನಾಲ್ಕ ದಿನಕ್ಕ "ಸಾಕವಾ ಬ್ಯಾಡ" ಅಂತ ಕಳಿಸಿದೋರು ನಮ್ಮ ಓಣಿಯೊಳಗ ಎಷ್ಟ ಮಂದಿ ಇದ್ದೀರಿ, ಹೆಸರು ಹೇಳೂದಿಲ್ಲ.

ನಂಗ ಭಾಳ ಮನಸ್ಸಿಗೆ ಬಂದದ್ದು ಬ್ಯಾರೆನ ಅದ. ಅಲ್ಲೆ ಭಾಳಷ್ಟು ಕಾಲೇಜಿನವರು ಅರ್ಜಿ ಹಾಕೋಕಿಂತ ಮೊದಲ ಈ ಕೆಲಸ ಕಣ್ಣಾರೆ ನೋಡಿ ಬಾ ಅಂತಾರ. ಇಷ್ಟು ತಾಸು ಅಂತ ಲೆಕ್ಕ, ಅದಕ್ಕ ಥೆರಪಿಸ್ಟ್‌ರ ಸಹಿ. ಈ ಹುಡುಗಿ ಒಂದು ಬ್ಯಾಸಗಿ ಪೂರ್ತಿ ಅದ ಮಾಡಿದ್ಲು. ಮಂಚ ಒರಸೋದು, ಟವೆಲ್ ಮಡಚೋದು, ಸುಮ್ಮನ ನಿಂತು ನೋಡೋದು. ಲಕವಾ ಹೊಡದ ಒಬ್ಬ ಅಜ್ಜಾರು ಅರ್ಧಾ ತಾಸಿನ್ಯಾಗ ಮೂರ ಹೆಜ್ಜಿ ಇಟ್ಟರಂತ. "ಮೌಶಿ, ಮೂರ ಹೆಜ್ಜಿಗೆ ಅವರ ಹೆಂಡತಿ ಅತ್ಲು" ಅಂದ್ಲು. ಅವತ್ತ ನಿರ್ಧಾರ ಮಾಡ್ಯಾಳ. ಅಕಿ ಜೋಡಿ ಬರ್ತಿದ್ದ ಇನ್ನೊಬ್ಬಾಕಿ ಎರಡ ವಾರದಾಗ ಬ್ಯಾಡಂತ ಬಿಟ್ಲಂತ. ಅದೂ ಛಲೋನ ಆತು, ಫೀ ಕಟ್ಟೋಕಿಂತ ಮೊದಲ ತಿಳೀತಲ್ಲ!

ನಾವೇನ ಮಾಡ್ತೀವಿ? ಒಂದು ಸೀರಿ ತಗೋಬೇಕಾದ್ರ ನಾಲ್ಕು ಅಂಗಡಿ ಹತ್ತಿ ಇಳೀತೀವಿ. ಹುಡುಗರನ್ನ ಇಂಜಿನಿಯರಿಂಗಿಗೆ ಹಾಕೋ ಮುಂದ ಎಂಟು ದಿನರೆ ಯಾವದರೆ ಫ್ಯಾಕ್ಟರಿಯೊಳಗ ನಿಂದರಸೀವೇನು? ಬಾಜೂ ಮನಿಯಾಂವ ಸೇರ್ಯಾನ, ನೀನೂ ಸೇರು. ಇಲ್ಲೂ ಕಾಲೇಜಿನವರು ಹಿಂಗ ತಾಸು ಕೇಳಬೇಕು ಅನ್ನೂದು ನನ್ನ ವಾದ.

ಮೊದಲನೇ ವರ್ಷ ಅನಾಟಮಿಗೆ ಹೆಣಾ ಕೊಯ್ದು ಕಲಸ್ತಾರ. ಇದು ಕೇಳಿ ನಮ್ಮ ಅತ್ತಿಯವರು, "ಮನಿಗೆ ಬಂದ ಮ್ಯಾಲ ಸ್ನಾನಾ ಮಾಡ್ತಾಳಿಲ್ಲೋ?" ಅಂದ್ರು. ಮಾಡ್ತಾಳ್ರಿ. ಕಡೀಕ ಕಡಿಮಿ ಅಂದ್ರ 30 ವಾರ ದವಾಖಾನಿ, ಕ್ಲಿನಿಕ್ಕಿನ್ಯಾಗ ಪೂರ್ತಿ ದಿನದ ಕೆಲಸ, ಅದಾದ ಮ್ಯಾಲ ಲೈಸೆನ್ಸ್ ಪರೀಕ್ಷಾ.

ರೊಕ್ಕದ ವಿಷಯಕ್ಕ ಮಾತ್ರ ನಾ ಅಕ್ಕನ ಕಡೆನ. ಸಾಲ ಮನಿ ಕಟ್ಟಿಸಿಧಂಗ ಆಗ್ತದ, ಪಗಾರ ಛಲೋ ಇದ್ರೂ ಸರ್ಜನ್ನಿಂದಲ್ಲ. ಹೆಸರಾದ ಕಾಲೇಜು ಬಿಟ್ಟು ತಮ್ಮ ರಾಜ್ಯದ ಸರಕಾರಿ ಯೂನಿವರ್ಸಿಟಿಗೆ ಸೇರು ಅಂತ ಅಕ್ಕ ಹಟಾ ಹಿಡದ್ಲು, ರಾಜ್ಯದೋರಿಗೆ ಅಲ್ಲೆ ಫೀ ಕಡಿಮಿ. ಹುಡುಗಿ ಎರಡ ದಿನ ಮುಖಾ ಉಬ್ಬಿಸಿಕೊಂಡಿದ್ಲು, ಆಮ್ಯಾಲ ತಾನ ಕೂತು ಲೆಕ್ಕಾ ಹಾಕಿದ್ಲು.

ಇನ್ನ ಇಲ್ಲೇ ಬಿಪಿಟಿ ಮುಗಿಸಿ ಲಗ್ನಾ ಆಗಿ ಅಮೆರಿಕಾಕ್ಕ ಹೊಂಟ ನಮ್ಮ ಹುಡುಗಿಯರಿಗೊಂದು ಮಾತು. ಮತ್ತ ಮೂರು ವರ್ಷ ಮೊದಲಿಂದ ಓದಬೇಕಂತ ಯಾರರೆ ಅಂದ್ರ ಗಾಬರಿ ಆಗಬ್ಯಾಡ್ರಿ. ಮಾರ್ಕ್ಸ್ ಕಾರ್ಡು, ಸಿಲಬಸ್ಸು ಪರಿಶೀಲನಾ ಮಾಡಿಸಿ, ಕಡಿಮಿ ಬಿದ್ದ ವಿಷಯ ತುಂಬಿಸಿಕೊಂಡು ಅದ ಲೈಸೆನ್ಸ್ ಪರೀಕ್ಷಾಕ್ಕ ಕೂಡೋ ದಾರಿನೂ ಅದ, ರಾಜ್ಯಕ್ಕೊಂದು ನಿಯಮ. ಏಜೆಂಟನ ಕೈಯಾಗ ರೊಕ್ಕಾ ಇಡೋಕಿಂತ ಮೊದಲ ಹೋಗೋ ರಾಜ್ಯದ ಬೋರ್ಡಿನವರನ್ನ ಕೇಳ್ರಿ. ವಿಮಾನ ಹತ್ತೋಕಿಂತ ಮೊದಲ ನಿಮ್ಮ ಕಾಲೇಜಿನಿಂದ ಸಿಲಬಸ್ಸಿನ ಪ್ರತಿಗೆ ಸಿಕ್ಕಾ ಹೊಡಿಸಿ ಇಟಗೋರಿ, ಅಲ್ಲಿಂದ ಫೋನ್ ಮಾಡಿದ್ರ ಇಲ್ಲೆ ಕ್ಲರ್ಕು ಎತ್ತೂದಿಲ್ಲ.