ಲೆಮೆಕಿಯವರ ರಾಷ್ಟ್ರೀಯತ್ವ

ಏಳು ಮಂದಿಯ ರಗ್ಬಿ ಆಟವು ಒಲಿಂಪಿಕ್ ಪಂದ್ಯಗಳಲ್ಲಿ ಮೊದಲ ಬಾರಿಗೆ ಸೇರಿದುದು ೨೦೧೬ನೆಯ ಇಸವಿಯಲ್ಲಿ, ರಿಯೋ ನಗರದಲ್ಲಿ. ಅಲ್ಲಿ ಆಗಸ್ಟ್ ೯ರಂದು ಜಪಾನಿನ ತಂಡವು ನ್ಯೂಜಿಲೆಂಡನ್ನು ೧೪ಕ್ಕೆ ೧೨ ಅಂಕಗಳಿಂದ ಸೋಲಿಸಿತು. ಗೆದ್ದ ತಂಡದಲ್ಲಿ ಲೊಮಾನೊ ಲೆಮೆಕಿ ಎಂಬವರಿದ್ದರು. ಇವರು ಹುಟ್ಟಿದುದು ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ. ತಂದೆತಾಯಿಗಳು ಟೊಂಗಾ ದ್ವೀಪದ ಮೂಲದವರು. ಜಪಾನಿನ ಪೌರತ್ವವನ್ನು ಪಡೆದುದು ೨೦೧೪ರಲ್ಲಿ. ಅದೇ ತಂಡದ ಲೋಟೆ ತುಕಿರಿಯವರು ಫಿಜಿಯಲ್ಲಿ ಜನಿಸಿದವರು. ಉಪಾಂತ್ಯ ಪಂದ್ಯದಲ್ಲಿ ಜಪಾನನ್ನು ಸೋಲಿಸಿದುದೂ ಆ ಫಿಜಿಯೇ.

ಜಪಾನೀಯರು ಆಳುಗಳನ್ನು ಕೊಂಡು ಗೆಲ್ಲುತ್ತಾರೆಂದು ಮೂದಲಿಸುವವರುಂಟು. ರಾಷ್ಟ್ರಾಭಿಮಾನವನ್ನು ವ್ರತವಾಗಿ ಹಿಡಿದ ನಾವೂ ಆ ಮಾತಿಗೆ ತಲೆದೂಗುವೆವೆಂದು ವಾಚಕರು ಊಹಿಸಬಹುದು. ನಾವು ಹಾಗೆ ಮಾಡಲಾರೆವು. ಜಪಾನಿನ ಕಾಯಿದೆಯ ಪ್ರಕಾರ, ಆ ದೇಶದ ಪೌರತ್ವವನ್ನು ಬೇಡುವವನು ಹಿಂದಿನ ಪೌರತ್ವವನ್ನು ತೊರೆಯಬೇಕು. ಹಿಂದಣ ಮನೆಯ ಹಕ್ಕನ್ನು ಬಿಟ್ಟು ಬಂದವನನ್ನು ಬಾಡಿಗೆಯ ಆಳೆನ್ನುವುದು ಯಾವ ನ್ಯಾಯ? ಹೊರಗಿನಿಂದ ಬಂದ ಸೊಸೆಯನ್ನು ಮನೆಯವಳಲ್ಲವೆನ್ನುವ ಕುಟುಂಬವು ನಮ್ಮಲ್ಲಿ ಮರ್ಯಾದೆಯನ್ನು ಪಡೆಯುವುದಿಲ್ಲ.

ನಮ್ಮ ಆಕ್ಷೇಪಣೆಯಿರುವುದು ಬೇರೆಡೆ. ಹದಿನೈದು ಮಂದಿಯ ರಗ್ಬಿಯಲ್ಲಿ ಪೌರತ್ವವೇ ಬೇಕಿಲ್ಲ. ಒಂದು ದೇಶದಲ್ಲಿ ೩೬ ತಿಂಗಳು ವಾಸಮಾಡಿದರೆ ಅದರ ಪರವಾಗಿ ಆಡಬಹುದೆಂಬ ನಿಯಮವು ಬಹುಕಾಲ ನಡೆಯಿತು. ಸಂಬಳವನ್ನು ಕೊಡಬಲ್ಲ ಧನಿಕ ದೇಶಗಳಿಗೆ ಇದರಿಂದ ಲಾಭವಾಯಿತು. ಸುಮಾರು ಒಂದು ಲಕ್ಷ ಜನರಿರುವ ಟೊಂಗಾ, ಅದರ ನೆರೆಯ ಸಮೋವಾ ಮೊದಲಾದ ದ್ವೀಪಗಳು ತಮ್ಮ ಬಲಿಷ್ಠ ಯುವಕರನ್ನು ಕಳೆದುಕೊಂಡವು. ರಾಷ್ಟ್ರದ ಅಂಗಿಯನ್ನು ತೊಡುವುದಕ್ಕೆ ಮೂರು ವರ್ಷದ ವಸತಿಯೇ ಸಾಕೆಂಬುದು ನಮಗೆ ಎಂದಿಗೂ ಒಪ್ಪಿಗೆಯಾಗದು. ಅವಧಿಯನ್ನು ೬೦ ತಿಂಗಳಿಗೆ ಏರಿಸಲು ವಿಶ್ವ ರಗ್ಬಿ ಮಂಡಲಿಯು ೨೦೧೭ರಲ್ಲಿ ನಿರ್ಣಯಿಸಿತು. ಮೂರು ವರ್ಷಗಳಿಂದ ಅಂತರರಾಷ್ಟ್ರೀಯ ಪಂದ್ಯವಾಡದ ಆಟಗಾರನು ತನ್ನ ಅಥವಾ ಹಿರಿಯರ ಜನ್ಮಭೂಮಿಗೆ ಒಮ್ಮೆ ಮರಳಬಹುದೆಂದು ೨೦೨೧ರಲ್ಲಿ ಒಪ್ಪಿತು. ದ್ವೀಪಗಳವರಿಗೆ ಇದು ತಡವಾಗಿಯಾದರೂ ದೊರೆತ ನ್ಯಾಯ. ಒಲಿಂಪಿಕ್ ನಿಯಮವಾದರೋ ಆಟಗಾರನು ಆ ದೇಶದ ಪ್ರಜೆಯಾಗಿರಬೇಕೆಂದು ಮೊದಲಿನಿಂದಲೂ ಕೇಳುತ್ತದೆ. ಲೆಮೆಕಿಯವರು ಈ ಕಠಿಣವಾದ ದಾರಿಯಿಂದಲೇ ಬಂದವರೆಂಬುದನ್ನು ಟೀಕಾಕಾರರು ಮರೆಯಬಾರದು.

ನಮ್ಮ ದೇಶದ ಪದ್ಧತಿಯೂ ಈ ಕಠಿಣ ಪಕ್ಷದ್ದೇ. ಪರದೇಶದ ಪೌರತ್ವವನ್ನು ಸ್ವೀಕರಿಸಿದವನು ಭಾರತದ ಪೌರತ್ವವನ್ನು ಕಳೆದುಕೊಳ್ಳುವನೆಂದು ೧೯೫೫ರ ಕಾಯಿದೆಯು ಹೇಳುತ್ತದೆ. ಭಾರತೀಯ ಪ್ರಜೆಗಳೇ ದೇಶದ ಪರವಾಗಿ ಆಡತಕ್ಕದ್ದೆಂದು ೨೦೦೮ರಲ್ಲಿ ಕೇಂದ್ರ ಸರ್ಕಾರವು ಗೊತ್ತುಮಾಡಿತು. ಜಪಾನಿನಲ್ಲಿ ಹುಟ್ಟಿದ, ತಂದೆಯ ಕಡೆಯಿಂದ ಭಾರತೀಯರಾದ ಅರಾಟಾ ಇಜುಮಿಯವರು ಜಪಾನಿನ ಪೌರತ್ವವನ್ನು ಬಿಟ್ಟು, ೨೦೧೩ರಲ್ಲಿ ನಮ್ಮ ಕಾಲ್ಚೆಂಡಿನ ತಂಡದಲ್ಲಿ ಆಡಿದರು. ಬೆಂಗಳೂರಿನ ತಂಡದ ರಯಾನ್ ವಿಲಿಯಮ್ಸರು ೨೦೨೫ರಲ್ಲಿ ಆಸ್ಟ್ರೇಲಿಯವನ್ನು ತೊರೆದು ಭಾರತದ ಪ್ರಜೆಯಾದರು. ಇವರಿಬ್ಬರನ್ನು ನಮ್ಮವರೆಂದು ಬರಮಾಡಿಕೊಂಡ ನಾವು, ಲೆಮೆಕಿಯವರು ಜಪಾನಿನವರಲ್ಲವೆಂದು ಯಾವ ಬಾಯಿಂದ ಹೇಳೋಣ?