ಗಾಜು ಒಡೆಯುವುದು ಸದ್ದಿನ ಜೋರಿಗಷ್ಟೇ ಅಲ್ಲ

ಅನುರಣನೆಯ ಪಾಠಕ್ಕೆ ನಾವು ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಕೊಡುವ ಉದಾಹರಣೆ, ಗಾಯಕರ ಸ್ವರಕ್ಕೆ ಒಡೆಯುವ ಗಾಜಿನ ಲೋಟ. ವಿವರಣೆ ಅಲ್ಲಿಗೇ ನಿಂತರೆ 'ಜೋರು ಸದ್ದು ಗಾಜು ಒಡೆಯುತ್ತದೆ' ಎಂಬುದಷ್ಟೇ ಮಕ್ಕಳಲ್ಲಿ ಉಳಿಯುತ್ತದೆ.

ಈ ಗೊಂದಲಕ್ಕೆ ಕಾರಣವೂ ಇದೆ. ಪಾಂಡವಪುರದ ಬೇಬಿ ಬೆಟ್ಟದ ಸುತ್ತಲಿನವರಿಗೆ ಕಲ್ಲುಗಣಿಯ ಸ್ಫೋಟದ ಸದ್ದು ಪರಿಚಿತ. 2020ರ ಮೇ 20ರಂದು ಧ್ವನಿವೇಗ ಮೀರಿ ಹಾರಿದ ವಾಯುಪಡೆಯ ವಿಮಾನದ ಸದ್ದಿಗೆ ಬೆಂಗಳೂರಿನ ಕಿಟಕಿಗಳು ಅದುರಿದವು. ಇವು ಅನುರಣನೆಗೆ ಉದಾಹರಣೆಗಳಲ್ಲ. ಇಲ್ಲಿ ಗಾಳಿಯ ಒತ್ತಡ ಥಟ್ಟನೆ ಏರಿ ಗಾಜನ್ನು ತಳ್ಳುತ್ತದೆ. ಸಿಡಿಮದ್ದಿನ ಪ್ರಮಾಣ, ದೂರ ಇಲ್ಲಿ ಮುಖ್ಯ.

ಲೋಟದ ಸಂಗತಿ ಬೇರೆ. ಬೆರಳಿನಿಂದ ತಟ್ಟಿದಾಗ ಅದು ತನ್ನ ಸಹಜ ಆವೃತ್ತಿಯಲ್ಲಿ ನುಡಿಯುತ್ತದೆ. ಅದೇ ಆವೃತ್ತಿಯ ಸ್ವರ ಎಡೆಬಿಡದೆ ತಾಗಿದರೆ, ಉಯ್ಯಾಲೆಯನ್ನು ಹದವರಿತು ತಳ್ಳಿದ ಹಾಗೆ, ಕಂಪನದ ಪಾರ ಏರುತ್ತದೆ. ತಾಳುವ ಮಿತಿ ದಾಟಿದಾಗ ಗಾಜು ಸೀಳುತ್ತದೆ. ಸ್ವರ ಜೋರಾಗಿಯೂ ಇರಬೇಕು, ಆದರೆ ಆವೃತ್ತಿ ಹೊಂದದೆ ಬರೀ ಜೋರು ಸಾಲದು.

ಆದ್ದರಿಂದ ವಿಡಿಯೊಗಿಂತ ಮೊದಲು ಪೆಟ್ಟಿಗೆಯ ಮೇಲಿನ ಎರಡು ಶ್ರುತಿಕವೆಗಳ ಪ್ರಯೋಗ ನಡೆಯಲಿ. ಆವೃತ್ತಿ ಒಂದೇ ಆದರೆ, ಒಂದನ್ನು ಬಡಿದಾಗ ಇನ್ನೊಂದೂ ನುಡಿಯುತ್ತದೆ. ಒಂದರ ಕವಲಿಗೆ ಸ್ವಲ್ಪ ಮೇಣ ಮೆತ್ತಿದರೆ ಆವೃತ್ತಿ ಬದಲಾಗಿ, ಆ ನುಡಿ ಅಡಗುತ್ತದೆ. ಮೌಲ್ಯಮಾಪನಕ್ಕೆ ಒಂದು ಪ್ರಶ್ನೆ ಸಾಕು: ಸ್ಫೋಟಕ್ಕೆ ಕಿಟಕಿ ಅದುರುವುದಕ್ಕೂ ಸ್ವರಕ್ಕೆ ಲೋಟ ಒಡೆಯುವುದಕ್ಕೂ ಏನು ವ್ಯತ್ಯಾಸ?