ಬೆಟ್ಟದ ಮೇಲೊಂದು ಖಾನಾವಳಿ

ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರಕ್ಕೆ ಹುಣ್ಣಿಮೆಯ ಹಿಂದಿನ ಸಂಜೆ ಬಂದಿಳಿಯುವವರಲ್ಲಿ ಅನೇಕರು ಲಾಡ್ಜ್ ಹುಡುಕುವುದಿಲ್ಲ. ಪರಿಚಯದ ಅರ್ಚಕರ ಮನೆಯ ಬಾಗಿಲು ತಟ್ಟುತ್ತಾರೆ. ಅಜ್ಜ ಇಳಿದುಕೊಂಡಿದ್ದ ಮನೆಯಲ್ಲೇ ಮೊಮ್ಮಗನೂ ಚೀಲ ಇಳಿಸುತ್ತಾನೆ. ಏಳು ದಿನ ಗುರುಚರಿತ್ರೆ ಪಾರಾಯಣಕ್ಕೆ ಕೂತವರಿಗೆ ಒಂದು ಚಾಪೆ, ಬೆಳಗಿನ ಜಾವ ಸಂಗಮಕ್ಕೆ ಹೋಗಿಬರಲು ದಾರಿ, ಹೊತ್ತಿಗೆ ಅನ್ನ, ಇಷ್ಟಿದ್ದರೆ ಸಾಕು. ಭೀಮಾ ಮತ್ತು ಅಮರ್ಜಾ ಕೂಡುವ ಈ ಊರಿನಲ್ಲಿ ಈಗ ಹೋಟೆಲುಗಳೂ ಎದ್ದಿವೆ, ಆದರೆ ಮನೆಯಲ್ಲಿ ಇಳಿಯುವ ರೂಢಿ ಸತ್ತಿಲ್ಲ.

ಇದೇ ರೂಢಿಯನ್ನು 3,440 ಮೀಟರ್ ಎತ್ತರಕ್ಕೆ ಒಯ್ದರೆ ಅದು ನೇಪಾಳದ ನಾಮ್ಚೆ ಬಜಾರಿನ ಟೀ ಹೌಸ್. ಹೆಸರು ಕೇಳಿ ಚಹಾದಂಗಡಿ ಎಂದುಕೊಂಡವರು ಮೋಸಹೋಗುತ್ತಾರೆ. ಅದು ಒಂದು ಸಂಸಾರದ ಮನೆ. ಹಲಗೆ ಗೋಡೆಯ ಸಣ್ಣ ಕೋಣೆಗಳು, ಕೋಣೆಗೆ ಎರಡು ಮಂಚ, ಪಕ್ಕದವರು ಮಗ್ಗುಲು ಬದಲಿಸಿದರೂ ಕೇಳಿಸುವಷ್ಟು ತೆಳು ಗೋಡೆ. ಬೆಚ್ಚಗಿರುವುದು ಊಟದ ಕೋಣೆ ಮಾತ್ರ. ನಡುವಿನ ಒಲೆಯ ಸುತ್ತ ಮನೆಯ ಮಕ್ಕಳು ಪಾಠ ಬರೆಯುತ್ತಿದ್ದರೆ, ಅವರ ಪಕ್ಕದಲ್ಲೇ ಚಾರಣಿಗರು ಕಾಲುಚೀಲ ಒಣಗಿಸುತ್ತಾರೆ. ಇನ್ನೂ ಮೇಲಕ್ಕೆ, ಮರ ಬೆಳೆಯದ ಎತ್ತರದಲ್ಲಿ, ಒಲೆಗೆ ಬೀಳುವುದು ಯಾಕ್ ಸಗಣಿ. ಜೇವರ್ಗಿ ಕಡೆಯ ಹಿತ್ತಲುಗಳಲ್ಲಿ ಕುಳ್ಳು ತಟ್ಟುವಂತೆಯೇ ಅಲ್ಲಿನ ಹೆಂಗಸರು ಅದನ್ನು ತಟ್ಟಿ ಕಲ್ಲುಗೋಡೆಗೆ ಒಣಹಾಕಿರುತ್ತಾರೆ.

ಈ ಮನೆಗಳಲ್ಲಿ ಒಂದು ಬಾಯಿಮಾತಿನ ಕರಾರಿದೆ. ಹಾಸಿಗೆಗೆ ಅಗ್ಗದ ಬಾಡಿಗೆ, ಆದರೆ ಮಲಗಿದ ಮನೆಯಲ್ಲೇ ರಾತ್ರಿಯ ಊಟ, ಬೆಳಗಿನ ತಿಂಡಿ. ಪಕ್ಕದ ಮನೆಯಲ್ಲಿ ಉಂಡು ಇಲ್ಲಿ ಬಂದು ಮಲಗಿದರೆ ಯಜಮಾನಿಯ ಮುಖ ಬಾಡುತ್ತದೆ. ಇದರ ಬೇರು ಹಳೆಯದು. ಟಿಬೆಟ್ಟಿನ ಉಪ್ಪು ಕೆಳಗಿಳಿದು ಬಯಲಿನ ಧಾನ್ಯ ಮೇಲೇರುತ್ತಿದ್ದ ಕಾಳಿಗಂಡಕಿ ಕಣಿವೆಯಲ್ಲಿ ಥಕಾಲಿ ಸಮುದಾಯದ ಹೆಂಗಸರು ನಡೆಸುತ್ತಿದ್ದ ‘ಭಟ್ಟಿ’ಗಳಲ್ಲಿ ಊಟಕ್ಕೆ ದುಡ್ಡು ಕೊಟ್ಟರೆ ಮಲಗಲು ಜಾಗ ಪುಕ್ಕಟೆ. ಬದರಿ–ಕೇದಾರಕ್ಕೆ ನಡೆದೇ ಹೋಗುತ್ತಿದ್ದ ಕಾಲದ ‘ಚಟ್ಟಿ’ಗಳದ್ದೂ ಇದೇ ನ್ಯಾಯ: ಅಂಗಡಿಯವನಲ್ಲಿ ಹಿಟ್ಟು, ಬೇಳೆ ಕೊಂಡರೆ ಪಾತ್ರೆಯೂ ಸೂರೂ ಅವನದ್ದೇ. ಹನುಮಾನ್ ಚಟ್ಟಿ, ಜಾನಕಿ ಚಟ್ಟಿ ಎಂಬ ಊರ ಹೆಸರುಗಳಲ್ಲಿ ಆ ಕಾಲ ಇನ್ನೂ ಉಳಿದಿದೆ.

ಕಲಬುರಗಿ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಖಾನಾವಳಿಗೆ ಎರಡು ಮಂಚ ಹಾಕಿದರೆ ಅದೇ ಟೀ ಹೌಸ್. ಖಾನಾವಳಿಯಲ್ಲಿ ರೊಟ್ಟಿ ಮೇಲೆ ರೊಟ್ಟಿ ಬಡಿಸುವಂತೆ ಅಲ್ಲಿ ದಾಲ್ ಭಾತ್ ತಟ್ಟೆ ಬರಿದಾಗಲು ಬಿಡುವುದಿಲ್ಲ. ‘ದಾಲ್ ಭಾತ್ ಪವರ್, 24 ಅವರ್’ ಎಂದು ಟೀಶರ್ಟಿನ ಮೇಲೆ ಅಚ್ಚು ಹಾಕಿ ಮಾರುವಷ್ಟು ಆ ಊಟಕ್ಕೆ ಹೆಸರು.

ಆದರೂ ಆಳಂದ, ಅಫಜಲಪುರಗಳಿಂದ ಹಿಮಾಲಯಕ್ಕೆ ಹೊರಡುವ ಹೊಸ ತಲೆಮಾರಿನ ಹುಡುಗರು ಮೊದಲು ನೋಡುವುದು ಪ್ಯಾಕೇಜು. ಇಷ್ಟು ದಿನ, ಇಷ್ಟು ಟೆಂಟು, ಇಷ್ಟು ಜನ. ಮೊದಲ ಸಲ ಹೋಗುವವರಿಗೆ ಅದರಲ್ಲಿ ಧೈರ್ಯವಿದೆ, ನಿಜ. ತೊಡಕಿರುವುದು ಮೈಯಲ್ಲಿ. ಕಲಬುರಗಿ ಇರುವುದು ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿ. ಮೇ ತಿಂಗಳ ನಲವತ್ತು ಡಿಗ್ರಿ ಬಿಸಿಲಿನಲ್ಲಿ ಬೆಂದ ಮೈ ಐದಾರು ದಿನಗಳಲ್ಲಿ ನಾಲ್ಕು ಸಾವಿರ ಮೀಟರ್ ಮುಟ್ಟಬೇಕೆಂದರೆ ಅದು ಮೈಗೆ ಮಾಡುವ ಅನ್ಯಾಯ. ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಏರದೆ ನಿಲ್ಲಬೇಕು ಎನ್ನುತ್ತದೆ ಪರ್ವತ ವೈದ್ಯಶಾಸ್ತ್ರ. ತಂಡದ ಟೆಂಟು ಬೆಳಗಾದರೆ ಮುಂದಕ್ಕೆ ಹೋಗುತ್ತದೆ, ತಲೆನೋವು ಬಂದವನೂ ಅದರ ಹಿಂದೆ ಹೋಗಬೇಕು. ಮನೆ ಹಾಗಲ್ಲ. ಇನ್ನೊಂದು ರಾತ್ರಿ ಇರುತ್ತೇನೆ ಎಂದರೆ ಯಜಮಾನಿ ಬೆಳ್ಳುಳ್ಳಿ ಸೂಪು ಕಾಸಿ ಕೊಡುತ್ತಾಳೆ. ಬೆಳ್ಳುಳ್ಳಿಯಿಂದ ತಲೆನೋವು ಹೋಗುತ್ತದೋ ಇಲ್ಲವೋ, ಆ ಒಂದು ದಿನದ ವಿಶ್ರಾಂತಿಯಂತೂ ಕೆಲಸ ಮಾಡುತ್ತದೆ.

ನಡೆಯುವುದೇನು ಈ ತಾಲ್ಲೂಕುಗಳಿಗೆ ಹೊಸದಲ್ಲ. ‘ಚಾರಣ’ ಎಂಬ ಮಾತು ಹೊಸದು, ಅಷ್ಟೆ. ಯುಗಾದಿ ಹತ್ತಿರ ಬಂತೆಂದರೆ ಮಲ್ಲಯ್ಯನ ಕಂಬಿ ಹೊತ್ತು ಶ್ರೀಶೈಲಕ್ಕೆ ಹೊರಡುವವರಲ್ಲಿ ಅರವತ್ತು ದಾಟಿದ ಅಜ್ಜಿಯರಿರುತ್ತಾರೆ, ಕಾಲಲ್ಲಿ ಹವಾಯಿ ಚಪ್ಪಲಿ. ವೆಂಕಟಾಪುರದಿಂದ ನಾಗಲೂಟಿ, ಪೆದ್ದಚೆರುವು ದಾಟಿ ಭೀಮನಕೊಳ್ಳಕ್ಕೆ ಇಳಿದು ಕೈಲಾಸದ್ವಾರಕ್ಕೆ ಏರುವ ನಲ್ಲಮಲದ ಕಾಡುದಾರಿ ಸಾವಿರಾರು ರೂಪಾಯಿಯ ಬೂಟು ಹಾಕಿದವರನ್ನೂ ಏದುಸಿರು ಬಿಡಿಸುತ್ತದೆ. ಕಾಡು ಮುಟ್ಟುವವರೆಗಿನ ದಾರಿಯುದ್ದಕ್ಕೂ ಹಳ್ಳಿಯವರು ‘ಬರ್ರಿ, ಕೂಡ್ರಿ, ಉಣ್ರಿ’ ಎಂದು ಕರೆದು ದಾಸೋಹ ನಡೆಸುತ್ತಾರೆ, ಬೊಬ್ಬೆ ಎದ್ದ ಕಾಲಿಗೆ ಎಣ್ಣೆ ತಿಕ್ಕುತ್ತಾರೆ.

ದಾಸೋಹ ದೊಡ್ಡದು. ಆದರೆ ಅದು ಜಾತ್ರೆಯ ವಾರಗಳಲ್ಲಿ ತೆರೆದು ಉಳಿದ ದಿನ ಮುಚ್ಚಿಕೊಳ್ಳುತ್ತದೆ. ಅನ್ನ ಮಾರಬಾರದೆಂಬ ಹಳೆಯ ಸಂಕೋಚವೂ ನಮ್ಮ ಮನೆಗಳಲ್ಲಿ ಗಟ್ಟಿಯಾಗಿದೆ. ಹೀಗಾಗಿ ವರ್ಷದ ಉಳಿದ ದಿನ ಒಬ್ಬಂಟಿಯಾಗಿ ನಡೆದು ಬರುವವನಿಗೆ ಘತ್ತರಗಿಯ ಭಾಗಮ್ಮನ ಗುಡಿಯಿಂದ ಗಾಣಗಾಪುರದ ಸಂಗಮದವರೆಗೆ, ಭೀಮಾ ದಂಡೆಯ ಊರುಗಳಲ್ಲಿ, ಬೆಲೆ ಕೇಳಿ ಮಲಗುವ ಮನೆ ಸಿಗುವುದು ಅಪರೂಪ. ಪಶ್ಚಿಮಘಟ್ಟದಲ್ಲಿ ಈ ಸಂಕೋಚ ಎಂದೋ ಕರಗಿದೆ. 1,712 ಮೀಟರ್ ಎತ್ತರದ ಕುಮಾರಪರ್ವತದ ದಾರಿಯಲ್ಲಿ ಗಿರಿಗದ್ದೆಯ ‘ಭಟ್ಟರ ಮನೆ’ ಎಷ್ಟೋ ಚಾರಣಿಗರಿಗೆ ಶಿಖರದಷ್ಟೇ ನೆನಪಿರುವ ಜಾಗ. (ನೇಪಾಳದ ಭಟ್ಟಿಗೂ ಈ ಭಟ್ಟರಿಗೂ ಸಂಬಂಧವಿಲ್ಲ, ಹಸಿದವರಿಗೆ ಎರಡೂ ಒಂದೇ.) ಮೊದಲೇ ತಿಳಿಸಿದರೆ ಅನ್ನ, ಸಾಂಬಾರು, ಮಜ್ಜಿಗೆ ಸಿದ್ಧ. 2024ರ ಜನವರಿಯ ರಜೆಯಲ್ಲಿ ಆ ದಾರಿಯಲ್ಲಿ ಜಾತ್ರೆಯಂತೆ ಜನ ಸೇರಿದ ಮೇಲೆ ಅರಣ್ಯ ಇಲಾಖೆ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಿತು. ತಪ್ಪಲ್ಲ. ಆದರೆ ಅದರಿಂದ ತಲೆ ಎಣಿಸಿದಂತಾಯಿತೇ ಹೊರತು ಮನೆಗಳ ಲೆಕ್ಕ ಯಾರೂ ಹಿಡಿದಂತಾಗಲಿಲ್ಲ.

ಮನೆಗಳನ್ನು ಹಾಗೇ ಬಿಟ್ಟರೆ ಅವೂ ಕೆಡುತ್ತವೆ. ನೇಪಾಳದಲ್ಲಿ ಚಾರಣಿಗರ ನೀರು ಕಾಸಲೆಂದೇ ಕಾಡು ಬೋಳಾಗತೊಡಗಿದಾಗ, 1986ರಲ್ಲಿ ಆರಂಭವಾದ ಅನ್ನಪೂರ್ಣ ಸಂರಕ್ಷಣಾ ಯೋಜನೆ ಲಾಡ್ಜಿನವರದ್ದೇ ಸಮಿತಿಗಳನ್ನು ಕಟ್ಟಿತು. ಕಟ್ಟಿಗೆಯ ಬದಲು ಸೀಮೆಎಣ್ಣೆ, ಗ್ಯಾಸು ಬಂತು. ಒಂದು ಊರಿನ ಎಲ್ಲ ಮನೆಗಳಿಗೂ ಒಂದೇ ದರಪಟ್ಟಿಯಾಯಿತು. ಹೊರೆ ಬೆನ್ನ ಮೇಲೆ ಏರಿ ಬರಬೇಕಾದ್ದರಿಂದ ಮೇಲಿನ ಊರಿನಲ್ಲಿ ದರ ಜಾಸ್ತಿ, ಆದರೆ ಪಟ್ಟಿ ನೋಡಿದವರಿಗೆ ಜಗಳಕ್ಕೆ ಆಸ್ಪದವಿಲ್ಲ. ಲಡಾಖಿನ ಹೆಮಿಸ್ ಉದ್ಯಾನದ ರುಂಬಕ್ ಹಳ್ಳಿಯಲ್ಲಿ ಇನ್ನೊಂದು ಜಾಣತನ: ಅತಿಥಿಗಳು ಸರದಿಯಂತೆ ಮನೆಮನೆಗೆ ಹೋಗುತ್ತಾರೆ, ಒಂದೇ ಮನೆ ಶ್ರೀಮಂತವಾಗುವುದಿಲ್ಲ. ಕುರಿ ತಿನ್ನುವ ಹಿಮಚಿರತೆಯ ಮೇಲೆ ಸಿಟ್ಟಿದ್ದ ಊರಿಗೆ ಅದೇ ಹಿಮಚಿರತೆ ಅತಿಥಿಗಳನ್ನು ಕರೆತರುತ್ತಿದೆ.

ನಮ್ಮಲ್ಲಿ ಹೋಂಸ್ಟೇ ಎಂದರೆ ಕೊಡಗು, ಚಿಕ್ಕಮಗಳೂರು. ಕಲ್ಯಾಣ ಕರ್ನಾಟಕಕ್ಕೆ ಬಂದರೆ ಯಾತ್ರಿನಿವಾಸದ ಕಾಂಕ್ರೀಟು. ಆ ಕಟ್ಟಡದ ಹಣದ ಒಂದು ಪಾಲಿನಲ್ಲಿ ಗಾಣಗಾಪುರ, ಘತ್ತರಗಿ, ಶ್ರೀಶೈಲದ ದಾರಿಯ ಜೇವರ್ಗಿ ತಾಲ್ಲೂಕಿನ ಹಳ್ಳಿಗಳಲ್ಲಿ ಬೇಕೆನ್ನುವ ಮನೆಗಳಿಗೆ ಒಂದು ಪಾಯಿಖಾನೆ, ಒಂದು ಬಚ್ಚಲು, ಎರಡು ಮಂಚ ಕೊಡಲಿ. ಬಾಗಿಲಲ್ಲಿ ದರದ ಹಲಗೆ ತೂಗಲಿ. ಲೆಕ್ಕ ಊರಿನ ಮಹಿಳಾ ಸ್ವಸಹಾಯ ಸಂಘದ ಕೈಯಲ್ಲಿರಲಿ. ಪಾದಯಾತ್ರೆಗೆ ಬರುವ ಹೆಂಗಸರಿಗೆ ಬಯಲಿನಲ್ಲಿ ಬೆಳಕು ಹರಿಯುವ ಮುನ್ನ ಏಳಬೇಕಾದ ಕಷ್ಟ ತಪ್ಪಿದರೂ ಹಾಕಿದ ಹಣ ಬಂದಂತೆಯೇ.

ಅಷ್ಟರವರೆಗೆ, ಈ ವರ್ಷ ನೇಪಾಳಕ್ಕೆ ಹೊರಡುವವರು ಟೆಂಟಿನ ಆಸೆ ಬಿಟ್ಟು ಮನೆಗಳನ್ನೇ ನಂಬಿ ನೋಡಬಹುದು. ಭಾರತೀಯರಿಗೆ ವೀಸಾ ಬೇಡ, ಗುರುತಿನ ಚೀಟಿ ಸಾಕು. ಚೀಲದಲ್ಲಿ ಕಟಕ ರೊಟ್ಟಿ, ಶೇಂಗಾ ಹಿಂಡಿ ಇದ್ದೇ ಇರುತ್ತವೆ; ಕೆಡದ, ಹಗುರಾದ, ಬೆಟ್ಟಕ್ಕೆಂದೇ ಹುಟ್ಟಿದ ಬುತ್ತಿ. ಕರಾರಿನ ಪ್ರಕಾರ ಊಟದ ಹೊತ್ತಿಗೆ ಅದನ್ನು ಒಬ್ಬರೇ ಬಿಚ್ಚಿ ಕೂರುವಂತಿಲ್ಲ. ದಾಲ್ ಭಾತ್ ಹೇಳಿ, ಹಿಂಡಿಯ ಡಬ್ಬಿಯನ್ನು ಒಲೆಯ ಪಕ್ಕ ಮನೆಯವರ ಮುಂದೆ ಇಟ್ಟರೆ ಯಾರೂ ಬೇಡವೆನ್ನುವುದಿಲ್ಲ. ಡಬ್ಬಿ ಮಾತ್ರ ಸ್ವಲ್ಪ ದೊಡ್ಡದಿರಲಿ.